ವಿಯೆಟ್ನಾಂಗೆ ಮೊದಲ ಸಲ ಬಂದಿಳಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾರ್ಮೆಂಟ್ಸ್ ಕೆಲಸದ ಮೇಲೆ ಮೊದಲು ಹನೋಯಿ, ಆಮೇಲೆ ಸೈಗಾನ್ ಅಂತ ವಿಯೆಟ್ನಾಂನಲ್ಲೇ ಉಳಿದುಬಿಟ್ಟವಳು ನಾನು. ಬೆಂಗಳೂರಿನಿಂದ ಹೊಸದಾಗಿ ಬರುವ ಸಹೋದ್ಯೋಗಿಗಳು, ಊರಿನ ನೆಂಟರು, ನೆಂಟರ ಪರಿಚಯದವರು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಮೂರು ದಿನ ಈ ದೇಶ ಬರೀ ಗದ್ದಲ ಅನಿಸುತ್ತದೆ. ಆ ಗದ್ದಲಕ್ಕೂ ಒಂದು ಲೆಕ್ಕಾಚಾರ ಇದೆ. ಅದು ಹೋಟೆಲ್ ಕೋಣೆಯಿಂದ ಕಾಣುವುದಿಲ್ಲ, ಬೀದಿಗಿಳಿದರೆ ಕಾಣುತ್ತದೆ. ನನ್ನ ಉತ್ತರಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ, ಬೇಸರಿಸಬೇಡಿ.

## ಹೊರಡುವ ಮೊದಲು

ವೀಸಾ ಏರ್‌ಪೋರ್ಟಿನಲ್ಲೇ ಕೊಡ್ತಾರಂತೆ, ಹೌದಾ?

ಅದನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಇ-ವೀಸಾ ಮಾಡಿಸಿಕೊಂಡೇ ಬನ್ನಿ. 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ 90 ದಿನಗಳವರೆಗಿನ ಇ-ವೀಸಾ ಸಿಗುತ್ತಿದೆ. ಒಂದೇ ಸಲ ಒಳಬರುವುದಕ್ಕೆ 25 ಡಾಲರ್, ಹಲವು ಸಲ ಹೋಗಿ ಬರುವುದಕ್ಕೆ 50 ಡಾಲರ್. ಸರ್ಕಾರದ ಜಾಲತಾಣದಂತೆಯೇ ಕಾಣುವ ಏಜೆಂಟರ ಜಾಲತಾಣಗಳು ಬೇಕಾದಷ್ಟಿವೆ, ಅವು ಇದರ ಎರಡು ಮೂರು ಪಟ್ಟು ಕೀಳುತ್ತವೆ. ವಿಳಾಸ ನೋಡಿ ದುಡ್ಡು ಕಟ್ಟಿ.

ಕನ್ನಡದವರು ಎಡವುವುದು ಹೆಸರಿನ ಹತ್ತಿರ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇರುವುದಿಲ್ಲ, ಬರೀ ಇನಿಷಿಯಲ್ ಇರುತ್ತದೆ. ಇಲ್ಲವೇ ಅಪ್ಪನ ಹೆಸರೋ ಊರಿನ ಹೆಸರೋ ಆ ಜಾಗದಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ಇವೆಯಲ್ಲ, ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ತುಂಬಿಸಿ. ಆಧಾರ್‌ನಲ್ಲಿ ಹೇಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ವೀಸಾ ಬಂದ ಮೇಲೆ ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್ ಎರಡನ್ನೂ ಮತ್ತೆ ತಾಳೆ ನೋಡಿ, ಎರಡು ಪ್ರತಿ ಪ್ರಿಂಟ್ ತೆಗೆದುಕೊಂಡು ಬನ್ನಿ. ಚೆಕ್-ಇನ್ ಕೌಂಟರಿನಲ್ಲಿ ಫೋನ್ ಚಾರ್ಜ್ ಮುಗಿದು ಒದ್ದಾಡುವವರನ್ನು ನೋಡಿದ್ದೇನೆ.

ಹನೋಯಿಗೆ ಇಳಿಯೋದಾ, ಸೈಗಾನ್‌ಗಾ? ಎರಡೂ ಒಂದೇ ತರ ಅಲ್ವಾ?

ಅಲ್ಲ. ಎರಡರ ನಡುವೆ ರೈಲು ಹಾದಿ 1,726 ಕಿಲೋಮೀಟರ್, ಒಂದೂವರೆ ದಿನದ ಹತ್ತಿರ ಹತ್ತಿರ ಪ್ರಯಾಣ. ಹವೆ ಬೇರೆ, ಊಟದ ರುಚಿ ಬೇರೆ, ಮಾತಿನ ಧಾಟಿ ಬೇರೆ. ಉತ್ತರದವರಿಗೆ ದಕ್ಷಿಣದವರು ದುಂದುಗಾರರು, ದಕ್ಷಿಣದವರಿಗೆ ಉತ್ತರದವರು ಬಿಗುಮಾನದವರು. ಇಬ್ಬರೂ ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದಾರೆ, ಇಬ್ಬರದ್ದೂ ಅರ್ಧ ನಿಜ.

ಹನೋಯಿಯಲ್ಲಿ ಹ್ವಾನ್ ಕಿಯೆಮ್ ಕೆರೆ, ಅದರ ಉತ್ತರಕ್ಕೆ ಹಳೇಪೇಟೆ. ಒಂದೊಂದು ಬೀದಿಗೂ ಅಲ್ಲಿ ಹಿಂದೆ ಮಾರುತ್ತಿದ್ದ ಸಾಮಾನಿನ ಹೆಸರು: ಬೆಳ್ಳಿ ಬೀದಿ, ರೇಷ್ಮೆ ಬೀದಿ, ಪೂಜೆಯ ಕಾಗದದ ಬೀದಿ. ನಮ್ಮ ಚಿಕ್ಕಪೇಟೆ, ಅಕ್ಕಿಪೇಟೆ ಸುತ್ತಿದವರಿಗೆ ಪರಿಚಯದ ಜಾಗ ಅನಿಸುತ್ತದೆ. 1070ರಲ್ಲಿ ಕಟ್ಟಿದ ಸಾಹಿತ್ಯ ದೇಗುಲದ ಅಂಗಳದಲ್ಲಿ ಇವತ್ತಿಗೂ ಪರೀಕ್ಷೆಗೆ ಮುಂಚೆ ಮಕ್ಕಳು ಬಂದು ಕೈಮುಗಿಯುತ್ತಾರೆ. ಸೈಗಾನ್ ಹೊಸ ಊರು, ದುಡ್ಡಿನ ಊರು. ರಸ್ತೆ ಅಗಲ, ಕಟ್ಟಡ ಎತ್ತರ, ರಾತ್ರಿ ಎರಡಕ್ಕೂ ತಿನ್ನಲು ಸಿಗುತ್ತದೆ. ನಾನು ಸೈಗಾನ್‌ನವಳೇ ಆಗಿಹೋಗಿದ್ದರೂ, ಹತ್ತು ದಿನ ರಜೆ ಹಾಕಿ ಬರುವವರಿಗೆ ಹನೋಯಿಗೆ ಇಳಿಯಿರಿ ಅನ್ನುತ್ತೇನೆ. ಸೈಗಾನ್ ನೋಡಿ ಹನೋಯಿಗೆ ಹೋದರೆ ಎಲ್ಲ ನಿಧಾನ ಅನಿಸಿ ಸಿಡಿಮಿಡಿಗೊಳ್ಳುತ್ತೀರಿ.

ಅಕ್ಕಾ, ಸ್ವೆಟರ್ ಬೇಕಾಗುತ್ತಾ? ಅಲ್ಲೆಲ್ಲ ಬರೀ ಸೆಕೆ ಅಂದುಕೊಂಡಿದ್ದೆ

ಹನೋಯಿಗೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಬಂದರೆ ಬೇಕೇ ಬೇಕು. ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ಜೊತೆಗೆ ತೇವ. ಮನೆಗಳಲ್ಲಿ ಹೀಟರ್ ಅಪರೂಪವಾದ್ದರಿಂದ ಒಳಗೂ ಚಳಿಯೇ. ಅದೇ ಹೊತ್ತಿಗೆ ಸೈಗಾನ್‌ನಲ್ಲಿ ಬಿಸಿಲು, ಒಣ ಹವೆ. ಸೈಗಾನ್‌ಗೆ ಮಳೆ ಮೇ ತಿಂಗಳಿನಿಂದ ನವೆಂಬರ್‌ವರೆಗೆ, ಮಧ್ಯಾಹ್ನ ಒಂದೆರಡು ಗಂಟೆ ಜಡಿದು ನಿಲ್ಲುತ್ತದೆ. ಹ್ವೇ, ದಾ ನಾಂಗ್, ಹೊಯ್ ಆನ್ ಇರುವ ಮಧ್ಯಭಾಗದ ಲೆಕ್ಕವೇ ಬೇರೆ: ಅಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ನೆರೆ ಬರುತ್ತದೆ. ದಸರಾ, ದೀಪಾವಳಿ ರಜೆಯಲ್ಲಿ ಹೊಯ್ ಆನ್ ಬುಕ್ ಮಾಡುವ ಮುಂಚೆ ಎರಡು ಸಲ ಯೋಚಿಸಿ.

ಸೈಗಾನ್ ಅಂತ ಅಂದ್ರೆ ಬೈತಾರಾ?

ಯಾರೂ ಬೈಯುವುದಿಲ್ಲ. 1976ರಿಂದ ಸರ್ಕಾರಿ ಹೆಸರು ಹೋ ಚಿ ಮಿನ್ ನಗರ. ಮಾತಿನಲ್ಲಿ ಊರಿನವರೇ ಸೈಗಾನ್ ಅನ್ನುತ್ತಾರೆ. ಅರ್ಜಿಗಳಲ್ಲಿ ಮಾತ್ರ ಪೂರ್ತಿ ಹೆಸರು ಬರೆಯಿರಿ.

## ಇಳಿದ ದಿನ

ಏರ್‌ಪೋರ್ಟಿಂದ ಹೊರಗೆ ಬಂದ ತಕ್ಷಣ ಮೊದಲು ಏನ್ ಮಾಡ್ಲಿ?

ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಒಳಗೇ ಸಿಮ್ ಅಂಗಡಿಗಳಿವೆ. ಪಾಸ್‌ಪೋರ್ಟ್ ತೋರಿಸಿದರೆ ವಿಯೆಟೆಲ್, ವಿನಾಫೋನ್ ಸಿಮ್ ಹಾಕಿ ಚಾಲೂ ಮಾಡಿಯೇ ಕೊಡುತ್ತಾರೆ. ಮೊದಲ ದಿನಕ್ಕೆ ಆಗುವಷ್ಟು ಮಾತ್ರ ಹಣ ಬದಲಾಯಿಸಿ, ಊರೊಳಗೆ ದರ ಸ್ವಲ್ಪ ಚೆನ್ನಾಗಿರುತ್ತದೆ.

ಆಮೇಲೆ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಬೆನ್ನು ಬೀಳುವವರ ಕಡೆ ತಿರುಗಿಯೂ ನೋಡದೆ ಗ್ರ್ಯಾಬ್ ಆ್ಯಪ್ ತೆರೆಯಿರಿ. ಓಲಾ, ಊಬರ್ ಇದ್ದ ಹಾಗೆಯೇ. ತಿಳಿ ಹಸಿರು ನೀಲಿ ಬಣ್ಣದ ಸಾನ್ ಎಸ್‌ಎಂ ಎಲೆಕ್ಟ್ರಿಕ್ ಕಾರುಗಳೂ ಚೆನ್ನಾಗಿವೆ, 2023ರಲ್ಲಿ ಶುರುವಾದವು. ಹನೋಯಿಯ ನೊಯ್ ಬಾಯ್ ನಿಲ್ದಾಣ ಊರಿಗೆ ಮೂವತ್ತು ಕಿಲೋಮೀಟರಿನ ಹತ್ತಿರ. ನಮ್ಮ ದೇವನಹಳ್ಳಿ ಲೆಕ್ಕ. ಸಾಮಾನು ಕಮ್ಮಿ ಇದ್ದರೆ 86ನೇ ನಂಬರ್ ಬಸ್ಸು ಹಳೇಪೇಟೆಯ ಪಕ್ಕದಲ್ಲೇ ಹಾದು ರೈಲು ನಿಲ್ದಾಣದವರೆಗೆ ಹೋಗುತ್ತದೆ. ಸೈಗಾನ್‌ನ ತಾನ್ ಸೊನ್ ನ್ಯಾತ್ ಊರಿನ ನಡುವೆಯೇ ಇದೆ. ದೂರ ಏಳೆಂಟು ಕಿಲೋಮೀಟರ್, ಸಂಜೆ ಐದಕ್ಕೆ ಇಳಿದರೆ ಅಷ್ಟಕ್ಕೇ ಒಂದು ಗಂಟೆ.

ನೋಟಿನಲ್ಲಿ ಇಷ್ಟೊಂದು ಸೊನ್ನೆ! ಲೆಕ್ಕ ಹೇಗೆ ಇಡೋದು?

ಮೂರು ಸೊನ್ನೆ ಬಿಟ್ಟುಬಿಡಿ, ಉಳಿದದ್ದನ್ನು ಸುಮಾರು ಮೂರೂವರೆಯಿಂದ ಗುಣಿಸಿ. ಅಷ್ಟೇ ರೂಪಾಯಿ. ಐವತ್ತು ಸಾವಿರ ಡಾಂಗ್ ಅಂದರೆ ನೂರ ಎಪ್ಪತ್ತು ರೂಪಾಯಿ ಆಸುಪಾಸು. ಅಂಗಡಿಗಳಲ್ಲೂ ಹೀಗೆಯೇ ಸೊನ್ನೆ ನುಂಗಿ ಮಾತಾಡುತ್ತಾರೆ: ಬೋರ್ಡಿನಲ್ಲಿ "50ಕೆ" ಅಂತ ಇರುತ್ತದೆ, ಬಾಯಲ್ಲಿ ಬರೀ "ಐವತ್ತು".

ಅಪಾಯ ಇರುವುದು ಬಣ್ಣದಲ್ಲಿ. ಎಲ್ಲ ನೋಟಿನ ಮೇಲೂ ಹೋ ಚಿ ಮಿನ್ ಮುಖವೇ, ಆದ್ದರಿಂದ ಮುಖ ನೋಡಿ ಗುರುತಿಸಲು ಆಗುವುದಿಲ್ಲ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್ಕಿನವು, ಹೊಸದಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾತ್ರಿ ಟ್ಯಾಕ್ಸಿಯಲ್ಲಿ ಅವಸರದಲ್ಲಿ ಎಪ್ಪತ್ತು ರೂಪಾಯಿ ಕೊಡುವ ಕಡೆ ಸಾವಿರದ ಏಳುನೂರು ಕೊಟ್ಟು ಇಳಿದವರು ಬಹಳ ಜನ. ಹಿಂಬದಿ ನೋಡಿ: 20,000ದಲ್ಲಿ ಹೊಯ್ ಆನ್‌ನ ಜಪಾನಿ ಸೇತುವೆ, ಐದು ಲಕ್ಷದಲ್ಲಿ ಹೋ ಚಿ ಮಿನ್ ಹುಟ್ಟೂರಿನ ಹುಲ್ಲುಮಾಡಿನ ಮನೆ. ನಾನು ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡುತ್ತೇನೆ.

ಎಳನೀರಿನ ಗಾಡಿಯಲ್ಲೂ ಕ್ಯೂಆರ್ ನೇತುಹಾಕಿರುತ್ತಾರೆ. ಅದು ಅವರ ಬ್ಯಾಂಕ್ ಖಾತೆಯವರ ನಡುವಿನ ವ್ಯವಹಾರ. ನಿಮ್ಮ ಯುಪಿಐ ನೆಚ್ಚಿಕೊಂಡು ಹೋಗಬೇಡಿ, ನಗದು ಇಟ್ಟುಕೊಳ್ಳಿ.

ಹೋಟೆಲಿನವ್ರು ಪಾಸ್‌ಪೋರ್ಟ್ ಇಸ್ಕೊಂಡ್ರು. ಭಯ ಆಗ್ತಿದೆ ಮೇಡಂ

ತಂಗುವವರ ವಿವರ ಪೊಲೀಸರಿಗೆ ಕೊಡುವುದು ಇಲ್ಲಿ ಕಾನೂನು, ಹೋಟೆಲಾಗಲಿ ನೆಂಟರ ಮನೆಯಾಗಲಿ. ಅದಕ್ಕೆ ಇಸಿದುಕೊಳ್ಳುತ್ತಾರೆ. ಫೋಟೋ ತೆಗೆದುಕೊಂಡು ವಾಪಸ್ ಕೊಡಿ ಅಂತ ನಗುತ್ತಲೇ ಕೇಳಿ, ಹೆಚ್ಚಿನ ಕಡೆ ಕೊಡುತ್ತಾರೆ.

ರಸ್ತೆ ದಾಟೋಕೇ ಆಗ್ತಿಲ್ಲ. ಅರ್ಧ ಗಂಟೆಯಿಂದ ಇಲ್ಲೇ ನಿಂತಿದೀನಿ

ಇದು ನನಗೆ ನಿಜವಾಗಿ ಬಂದ ಫೋನು. ಹತ್ತು ಕೋಟಿ ಜನರ ದೇಶದಲ್ಲಿ ಏಳು ಕೋಟಿಗೂ ಮೀರಿ ನೋಂದಾಯಿತ ದ್ವಿಚಕ್ರ ವಾಹನಗಳಿವೆ. ಅವು ನಿಲ್ಲಲಿ ಅಂತ ಕಾದರೆ ಕತ್ತಲಾಗುತ್ತದೆ.

ನಮ್ಮೂರಲ್ಲಿ ಎಮ್ಮೆ ರಸ್ತೆ ದಾಟುವುದನ್ನು ನೋಡಿದ್ದೀರಲ್ಲ, ಹಾಗೆ ದಾಟಬೇಕು. ಎಮ್ಮೆ ಓಡುವುದಿಲ್ಲ, ತಟ್ಟನೆ ನಿಲ್ಲುವುದಿಲ್ಲ, ಹಿಂದಕ್ಕೆ ಬರುವುದಂತೂ ಇಲ್ಲವೇ ಇಲ್ಲ. ಒಂದೇ ವೇಗದಲ್ಲಿ ಹೆಜ್ಜೆ ಹಾಕುತ್ತ ಹೋಗಿ. ಎದುರಿಗೆ ಬರುವ ಸ್ಕೂಟರಿನವನು ದೂರದಿಂದಲೇ ನೀವು ಇನ್ನೆರಡು ಸೆಕೆಂಡಿಗೆ ಎಲ್ಲಿರುತ್ತೀರಿ ಅಂತ ಲೆಕ್ಕ ಹಾಕಿ ಹಿಂದಿನಿಂದಲೋ ಮುಂದಿನಿಂದಲೋ ಬಳಸಿಕೊಂಡು ಹೋಗುತ್ತಾನೆ. ನೀವು ಬೆಚ್ಚಿ ಹಾರಿದರೆ ಅವನ ಲೆಕ್ಕ ತಪ್ಪುತ್ತದೆ, ಪೆಟ್ಟು ಬೀಳುವುದು ಆಗಲೇ. ಕೈಯನ್ನು ಸೊಂಟದ ಮಟ್ಟಕ್ಕೆ ಚಾಚಿ ಅಂಗೈ ತೋರಿಸಿದರೆ ಇನ್ನೂ ಒಳ್ಳೆಯದು. ಫೋನ್ ನೋಡಿಕೊಂಡು ದಾಟಬೇಡಿ.

ಇದೆಲ್ಲ ಸ್ಕೂಟರಿಗೆ ಮಾತ್ರ. ಬಸ್ಸು, ಕಾರು, ಲಾರಿ ಬಳಸಿ ಹೋಗುವುದಿಲ್ಲ, ಅವು ಬರುತ್ತಿದ್ದರೆ ನಿಂತುಬಿಡಿ. ಮೊದಲ ಸಲ ಧೈರ್ಯ ಬಾರದಿದ್ದರೆ ತರಕಾರಿ ಬುಟ್ಟಿ ಹೊತ್ತ ಯಾರಾದರೂ ಅಜ್ಜಿಯ ಪಕ್ಕಕ್ಕೆ, ವಾಹನ ಬರುವ ಕಡೆಗೆ ಅವರನ್ನು ಬಿಟ್ಟುಕೊಂಡು, ಹೆಜ್ಜೆಗೆ ಹೆಜ್ಜೆ ಸೇರಿಸಿ ದಾಟಿ. ನಾಚಿಕೆ ಏನೂ ಬೇಡ, ಅಜ್ಜಿಯರಿಗೆ ಅಭ್ಯಾಸವಾಗಿದೆ.

2025ರ ಜನವರಿ 1ರಿಂದ ದಂಡ ಏರಿಸಿದ ಮೇಲೆ ಸಿಗ್ನಲ್‌ನಲ್ಲಿ ಪರಿಸ್ಥಿತಿ ತುಂಬ ಸುಧಾರಿಸಿದೆ. ಕೆಂಪು ದೀಪ ದಾಟಿದ ಬೈಕಿಗೆ 40ರಿಂದ 60 ಲಕ್ಷ ಡಾಂಗ್ ದಂಡ. ನಮ್ಮ ದುಡ್ಡಿನಲ್ಲಿ ಹದಿನಾಲ್ಕು ಸಾವಿರ ಎಣಿಸಿದರೆ ಯಾರಿಗೆ ಬುದ್ಧಿ ಬರುವುದಿಲ್ಲ.

ನಾನೂ ಒಂದು ಸ್ಕೂಟರ್ ಬಾಡಿಗೆಗೆ ತಗೊಳ್ಳಲಾ?

ಮೊದಲ ವಾರ ಬೇಡ. ಬಾಡಿಗೆ ಕೊಡುವವನು ಲೈಸೆನ್ಸ್ ಕೇಳುವುದಿಲ್ಲ, ಪೊಲೀಸರು ಮತ್ತು ಇನ್ಶೂರೆನ್ಸ್ ಕಂಪನಿಯವರು ಕೇಳುತ್ತಾರೆ. ಇಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆ ಖರ್ಚು ನಿಮ್ಮ ತಲೆಗೇ. ಗ್ರ್ಯಾಬ್‌ನಲ್ಲಿ ಬೈಕೂ ಸಿಗುತ್ತದೆ, ಹಿಂದೆ ಕೂತು ಊರು ನೋಡಿ. ಹೆಲ್ಮೆಟ್ ಅವರೇ ಕೊಡುತ್ತಾರೆ.

## ಹೊಟ್ಟೆಪಾಡು

ಅಮ್ಮ ಶುದ್ಧ ಸಸ್ಯಾಹಾರಿ, ಬೆಳ್ಳುಳ್ಳಿನೂ ಮುಟ್ಟಲ್ಲ. ಹತ್ತು ದಿನ ಉಪವಾಸ ಇರ್ಬೇಕಾ?

ಉಪವಾಸ ಬೇಡ, ಅವಲಕ್ಕಿ ಮೂಟೆಯೂ ಬೇಡ. ಕಲಿಯಬೇಕಾದ ಒಂದೇ ಪದ "ಚಾಯ್". ಇದು ಟೀ ಅಲ್ಲ, ಬೌದ್ಧರ ಸಸ್ಯಾಹಾರ. ಬೋರ್ಡಿನಲ್ಲಿ "ಕೊಮ್ ಚಾಯ್", "ಕ್ವಾನ್ ಚಾಯ್" ಅಂತಿದ್ದರೆ ಕಣ್ಣುಮುಚ್ಚಿ ಒಳಗೆ ಹೋಗಿ. ಕೆಲವು ಕಡೆ ಕಮಲದ ಚಿತ್ರವೋ, ನಮ್ಮದಕ್ಕಿಂತ ಎಡಕ್ಕೆ ತಿರುಗಿದ ಸ್ವಸ್ತಿಕವೋ ಇರುತ್ತದೆ. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ನಿಮ್ಮ ಅಮ್ಮನಿಗೆ ಹೇಳಿ ಮಾಡಿಸಿದ್ದು. ಅನ್ನದ ಪಕ್ಕ ಹತ್ತಾರು ಬಗೆಯ ಪಲ್ಯ, ತೋಫು, ಅಣಬೆ, ಹಲಸಿನ ಗುಜ್ಜೆ ಜೋಡಿಸಿಟ್ಟಿರುತ್ತಾರೆ. ಬೆರಳು ತೋರಿಸಿದ್ದನ್ನು ತಟ್ಟೆಗೆ ಬಡಿಸುತ್ತಾರೆ. ಮೀನು, ಹಂದಿ ಮಾಂಸದ ಆಕಾರದಲ್ಲೇ ಸೋಯಾದಿಂದ ಮಾಡಿದ್ದೂ ಇರುತ್ತದೆ. ಅಮ್ಮ ಗಾಬರಿಯಾಗದಂತೆ ಮೊದಲೇ ಹೇಳಿಡಿ.

ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಅಕ್ಕಪಕ್ಕ, ಮಾಂಸ ತಿನ್ನುವವರೂ ಚಾಯ್ ಉಣ್ಣುತ್ತಾರೆ. ಆ ದಿನ ಸಾಮಾನ್ಯ ಹೋಟೆಲುಗಳಲ್ಲೂ ಸಿಗುತ್ತದೆ, ಆದರೆ ಚಾಯ್ ಹೋಟೆಲಿನಲ್ಲಿ ಜಾಗ ಸಿಗುವುದು ಕಷ್ಟ. ಹ್ವೇ ಊರಿನಲ್ಲಿ ಗುಡಿಗಳು ಹೆಚ್ಚು, ಚಾಯ್ ಊಟ ಅಲ್ಲಿ ಎಲ್ಲಕ್ಕಿಂತ ಚೆನ್ನ.

ಸಮಸ್ಯೆ ಇರುವುದು ಚಾಯ್ ಅಲ್ಲದ ಹೋಟೆಲಿನಲ್ಲಿ. "ಮಾಂಸ ಬೇಡ" ಅಂದರೆ ಮಾಂಸದ ತುಂಡು ತೆಗೆದು ಅದೇ ಮೂಳೆಯ ಸಾರು ಕೊಡುತ್ತಾರೆ. ಅವರ ಪ್ರಕಾರ ಅದು ಮಾಂಸ ಅಲ್ಲ. ಬೇಯಿಸಿದ ಸೊಪ್ಪಿನ ಪಕ್ಕದ ಬಟ್ಟಲಿನಲ್ಲಿರುವ ಕಂದು ರಸ ಹೆಚ್ಚುಪಾಲು ಮೀನಿನದು, ನುಕ್ ಮಾಮ್. ಅದರ ಬದಲು ಸೋಯಾ ಸಾಸ್ ಕೇಳಿ. ಮೊಟ್ಟೆ ವಿಷಯ ಪ್ರತ್ಯೇಕವಾಗಿ ಹೇಳಿ. ಎಷ್ಟೋ ಜನಕ್ಕೆ ಮೊಟ್ಟೆ ಸಸ್ಯಾಹಾರವೇ.

ಗೊತ್ತಿಲ್ದೆ ನಾಯಿ ಮಾಂಸ ತಿನ್ನಿಸಿಬಿಡ್ತಾರಾ?

ಇಲ್ಲ. ಅದಕ್ಕೆ ಬೇರೆಯೇ ಅಂಗಡಿ, "ಥಿತ್ ಚೊ" ಅಂತ ಬೋರ್ಡು. ನಗರಗಳ ಹೊಸ ತಲೆಮಾರಿನ ಬಹಳ ಜನ ತಿನ್ನುವುದಿಲ್ಲ, ಮನೆಯಲ್ಲಿ ನಾಯಿ ಸಾಕಿ ಮುದ್ದು ಮಾಡುತ್ತಾರೆ. ನೀವು ನೋಡಿಕೊಳ್ಳಬೇಕಾದದ್ದು ದನದ ಮಾಂಸ ಬೇಡದವರಾದರೆ "ಬೊ", ಹಂದಿ ಬೇಡದವರಾದರೆ "ಹೆಯೊ" ಎಂಬ ಪದಗಳನ್ನು. ಕೋಳಿಗೆ "ಗಾ". ಫೋ ಎಂಬ ನೂಡಲ್ ಸೂಪ್ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಬೊ, ಕೋಳಿಯದ್ದು ಬೇಕಾದರೆ ಬಾಯಿಬಿಟ್ಟು ಕೇಳಬೇಕು.

ಕಾಫಿ ಹೇಗಿದೆ? ನಮ್ ಫಿಲ್ಟರ್ ಕಾಫಿ ತರ ಸಿಗುತ್ತಾ?

ಅದರ ತರ ಸಿಗುವುದಿಲ್ಲ, ಅದಕ್ಕೆ ಸಮನಾದದ್ದು ಸಿಗುತ್ತದೆ. ಚಿಕ್ಕಮಗಳೂರು ಕೊಡಗಿನವರಿಗೆ ಇದು ಹೇಳಲು ಸಂಕಟ, ಆದರೂ ಹೇಳುತ್ತೇನೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ, ಹೆಚ್ಚುಪಾಲು ರೊಬಸ್ಟಾ, ಬುವಾನ್ ಮಾ ಥುವೊತ್ ಸುತ್ತಲಿನ ಕೆಂಪು ಮಣ್ಣಿನಲ್ಲಿ. ಹುರಿಯುವಾಗ ಕೆಲವರು ಬೆಣ್ಣೆ ಹಾಕುತ್ತಾರೆ, ನಮ್ಮಲ್ಲಿ ಚಿಕೋರಿ ಬೆರೆಸಿದ ಹಾಗೆ ಅವರದ್ದೊಂದು ರೂಢಿ.

ಲೋಟದ ಮೇಲೆ ಪುಟ್ಟ ಅಲ್ಯೂಮಿನಿಯಂ ಫಿಲ್ಟರ್ ಕೂರಿಸಿ ಮೇಜಿಗೇ ತಂದಿಡುತ್ತಾರೆ. ಹೆಸರು ಫಿನ್. ನಮ್ಮ ಫಿಲ್ಟರಿನ ಮೇಲಿನ ಅರ್ಧ ಮಾತ್ರ ಇದ್ದ ಹಾಗೆ, ಡಿಕಾಕ್ಷನ್ ಕೆಳಗಿನ ಲೋಟದೊಳಗೇ ಇಳಿಯುತ್ತದೆ. ತಳದಲ್ಲಿ ಎರಡು ಬೆರಳು ಕಂಡೆನ್ಸ್‌ಡ್ ಮಿಲ್ಕ್. ಹನಿ ಹನಿ ಇಳಿಯುವುದಕ್ಕೆ ಐದಾರು ನಿಮಿಷ ಬೇಕು, ಅವಸರಪಟ್ಟು ಮುಚ್ಚಳ ಒತ್ತಬೇಡಿ. ಇಳಿದ ಮೇಲೆ ಕಲಕಿ, ಐಸ್ ತುಂಬಿದ ಲೋಟಕ್ಕೆ ಸುರಿದು ಕುಡಿಯಿರಿ. ಸಂಜೆ ಆರರ ಮೇಲೆ ಕುಡಿದರೆ ಆ ರಾತ್ರಿ ನಿದ್ದೆ ಆಸೆ ಬಿಡಿ.

ಹನೋಯಿಯ ಮೊಟ್ಟೆ ಕಾಫಿ ಕೇಳಿ ಮುಖ ಸಿಂಡರಿಸುವವರೇ ಹೆಚ್ಚು. 1946ರಲ್ಲಿ ಹಾಲಿಗೆ ಬರ ಬಂದಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಎಂಬವರು ಹಾಲಿನ ನೊರೆಯ ಬದಲಿಗೆ ಮೊಟ್ಟೆಯ ಹಳದಿ ಕಡೆದು ಹಾಕಿದರು. ಅವರ ಹೆಸರಿನ ಅಂಗಡಿ ಹಳೇಪೇಟೆಯಲ್ಲಿ ಈಗಲೂ ಇದೆ. ಮೊಟ್ಟೆ ತಿನ್ನುವವರಾದರೆ ಒಂದು ಸಲ ಕುಡಿಯಿರಿ, ವಾಸನೆ ಇರುವುದಿಲ್ಲ.

## ಮೊದಲ ವಾರದ ಕುತೂಹಲಗಳು

ಫುಟ್‌ಪಾತ್ ತುಂಬ ಸ್ಟೂಲ್, ಸ್ಕೂಟರ್, ಪಾತ್ರೆ. ಜನ ನಡೆಯೋದು ಎಲ್ಲಿ?

ರಸ್ತೆಯಲ್ಲಿ. ಫುಟ್‌ಪಾತ್ ಇರುವುದು ನಡೆಯುವುದಕ್ಕೆ ಅನ್ನುವುದು ನಮ್ಮ ಕಲ್ಪನೆ (ನಮ್ಮಲ್ಲೂ ಅದು ಕಲ್ಪನೆಯಾಗಿಯೇ ಉಳಿದಿದೆ). ಇಲ್ಲಿನ ಮನೆಗಳು ಅಗಲ ಕಮ್ಮಿ, ಉದ್ದ ಜಾಸ್ತಿ. ಮುಂಭಾಗ ಹತ್ತು ಹನ್ನೆರಡು ಅಡಿ ಇದ್ದರೆ ಹೆಚ್ಚು. ಒಳಗೆ ಉಸಿರುಕಟ್ಟುವುದರಿಂದ ಅಡುಗೆ, ಹರಟೆ, ವ್ಯಾಪಾರ, ಮಗುವಿಗೆ ಉಣಿಸುವುದು ಎಲ್ಲವೂ ಹೊಸ್ತಿಲಾಚೆ.

ಹನೋಯಿಯ ನನ್ನ ಬಾಡಿಗೆ ಮನೆಯ ಕೆಳಗಿನ ಫುಟ್‌ಪಾತು ದಿನಕ್ಕೆ ನಾಲ್ಕು ಒಡೆಯರನ್ನು ಕಾಣುತ್ತಿತ್ತು. ಬೆಳಗ್ಗೆ ಐದೂವರೆಗೆ ಒಬ್ಬ ಅಜ್ಜಿ, ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹೊದಿಸಿದ ಅಂಟಕ್ಕಿ ಅನ್ನ, ಮೇಲೆ ಹೆಸರುಬೇಳೆ ಪುಡಿ, ಬಾಳೆ ಎಲೆಯಲ್ಲಿ ಕಟ್ಟಿಕೊಡುವುದು. ಒಂಬತ್ತಕ್ಕೆ ಅವರು ಎದ್ದರೆ ಕ್ಷೌರದವರು ಗೋಡೆಯ ಮೊಳೆಗೆ ಕನ್ನಡಿ ನೇತುಹಾಕಿ ಕುರ್ಚಿ ಬಿಡಿಸುತ್ತಿದ್ದರು. ಮಧ್ಯಾಹ್ನ ಐಸ್ ಹಾಕಿದ ಹಸಿರು ಟೀ ಮಾರುವ ಹೆಂಗಸು, ಜೊತೆಗೆ ಸೂರ್ಯಕಾಂತಿ ಬೀಜ. ಸಂಜೆ ಬಿಯರ್ ಅಂಗಡಿಯ ನೀಲಿ ಸ್ಟೂಲುಗಳು. ಯಾರೂ ಯಾರ ಸಮಯಕ್ಕೂ ಕೈಹಾಕುತ್ತಿರಲಿಲ್ಲ. ನಡುನಡುವೆ ಪೊಲೀಸ್ ಗಾಡಿ ಬಂದರೆ ಬೀದಿ ತುದಿಯಿಂದ ಒಂದು ಕೂಗು, ಎಲ್ಲ ಸ್ಟೂಲುಗಳೂ ಮನೆಯೊಳಗೆ. ಗಾಡಿ ತಿರುವು ದಾಟುವಷ್ಟರಲ್ಲಿ ಮತ್ತೆ ಹೊರಗೆ.

ಆದ್ದರಿಂದ ನನ್ನ ಸಲಹೆ: ಎರಡನೇ ದಿನ ಯಾವ ಮ್ಯೂಸಿಯಂಗೂ ಹೋಗಬೇಡಿ. ಟೀ ಅಂಗಡಿಯ ಸ್ಟೂಲಿನಲ್ಲಿ ಒಂದೆರಡು ಗಂಟೆ ಕೂರಿ. ಸ್ಟೂಲು ಮೊಣಕಾಲೆತ್ತರವೂ ಇರುವುದಿಲ್ಲ, ಮಂಡಿ ನೋವಿದ್ದವರು ಎರಡು ಸ್ಟೂಲು ಒಂದರ ಮೇಲೊಂದು ಇಟ್ಟುಕೊಳ್ಳಬಹುದು, ಯಾರೂ ನಗುವುದಿಲ್ಲ.

ಪರಿಚಯ ಆದ ಎರಡೇ ನಿಮಿಷಕ್ಕೆ ವಯಸ್ಸು, ಮದುವೆ ಎಲ್ಲ ಕೇಳ್ತಾರಲ್ಲ!

ಅವರಿಗೆ ನಿಮ್ಮನ್ನು ಕರೆಯಲು ಪದ ಬೇಕಲ್ಲ. "ನಾನು, ನೀನು" ಅನ್ನುವ ಮಾತಿನ ಬದಲು ಅಕ್ಕ, ಅಣ್ಣ, ತಮ್ಮ, ಚಿಕ್ಕಪ್ಪ, ದೊಡ್ಡಪ್ಪ ಅನ್ನುವ ಸಂಬಂಧದ ಪದಗಳನ್ನೇ ಬಳಸುತ್ತಾರೆ. ನಿಮ್ಮ ವಯಸ್ಸು ಗೊತ್ತಾಗದೆ ವಾಕ್ಯ ಶುರುಮಾಡುವುದೇ ಕಷ್ಟ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಅಕ್ಕ, ಅಜ್ಜಿ ಅನ್ನುವ ನಮಗೆ ಇದು ಬೇಗ ಹಿಡಿಸುತ್ತದೆ. ಮದುವೆ ಆಗಿಲ್ಲದಿದ್ದರೆ "ಇಲ್ಲ" ಅನ್ನಬೇಡಿ, "ಇನ್ನೂ ಇಲ್ಲ" ಅನ್ನಿ. ಮಾತು ಅಲ್ಲಿಗೆ ಮುಗಿಯುತ್ತದೆ. ಹೆಚ್ಚುಕಮ್ಮಿ.

ಅಂಗಡಿ ಬಾಗಿಲ ಹತ್ರ ನೆಲದ ಮೇಲೆ ಹೊಟ್ಟೆ ದೊಡ್ಡ ದೇವರು ಯಾರು? ಕುಬೇರನಾ?

ಅಲ್ಲ, ಭೂಮಿಯ ದೇವರು ಓಂಗ್ ದಿಯಾ. ಪಕ್ಕದಲ್ಲಿ ಗಡ್ಡ ಬಿಟ್ಟು ಚಿನ್ನ ಹಿಡಿದಿರುವವನು ಸಂಪತ್ತಿನ ದೇವರು ಥಾನ್ ತಾಯ್. ಇಬ್ಬರ ಜಾಗವೂ ನೆಲವೇ. ನೈವೇದ್ಯಕ್ಕೆ ಹಣ್ಣು, ಹೂವು, ಒಂದು ಲೋಟ ಕಾಫಿ, ಕೆಲವೊಮ್ಮೆ ಹಚ್ಚಿದ ಸಿಗರೇಟು. ಚಾಂದ್ರಮಾನ ವರ್ಷದ ಮೊದಲ ತಿಂಗಳ ಹತ್ತನೇ ದಿನ ಥಾನ್ ತಾಯ್ ಹಬ್ಬ. ಅವತ್ತು ಒಂದು ಗುಂಜಿಯಾದರೂ ಚಿನ್ನ ಕೊಳ್ಳಬೇಕು ಅಂತ ಬೆಳಗಿನ ಜಾವದಿಂದಲೇ ಆಭರಣದ ಅಂಗಡಿಗಳ ಮುಂದೆ ಸಾಲು. ನಮ್ಮ ಅಕ್ಷಯ ತೃತೀಯವೇ. ಹಿರಿಯರ ಪೂಜೆಯ ಪೀಠ ಮಾತ್ರ ಎತ್ತರದಲ್ಲಿ, ಹೆಚ್ಚಾಗಿ ಮಹಡಿಯ ಮೇಲೆ. ಯಾರ ಮನೆಗಾದರೂ ಹೋದರೆ ಅದಕ್ಕೆ ಬೆನ್ನು ತಿರುಗಿಸಿ ಕಾಲು ಚಾಚಿ ಕೂರಬೇಡಿ, ಚಪ್ಪಲಿ ಹೊರಗೆ ಬಿಡಿ.

ಕಮ್ಯುನಿಸ್ಟ್ ದೇಶ ಅಂತಾರೆ, ಇಲ್ಲಿ ನೋಡಿದ್ರೆ ಎಲ್ಲರೂ ಏನಾದ್ರೂ ಮಾರ್ತಾನೇ ಇದಾರಲ್ಲ?

1986ರಲ್ಲಿ ಪಕ್ಷವೇ "ದೊಯ್ ಮೊಯ್" ಎಂಬ ಹೊಸ ನೀತಿ ತಂದು ಖಾಸಗಿ ವ್ಯಾಪಾರಕ್ಕೆ ಬಾಗಿಲು ತೆರೆಯಿತು. ಅದಕ್ಕೂ ಹಿಂದೆ ಅಕ್ಕಿಗೆ ರೇಷನ್ ಚೀಟಿ ಹಿಡಿದು ಸಾಲು ನಿಂತ ಕಥೆಯನ್ನು ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದೇ ಪಕ್ಷ, ಕೆಂಪು ಬಾವುಟ, ಬೀದಿಯ ಧ್ವನಿವರ್ಧಕ ಎಲ್ಲ ಹಾಗೇ ಇವೆ. ರಾಜಕೀಯ ಚರ್ಚೆಯನ್ನು ನೀವಾಗಿ ಎಳೆಯಬೇಡಿ.

ಮೋಸ ಜಾಸ್ತಿನಾ?

ಸಣ್ಣಪುಟ್ಟದ್ದು ಇದೆ, ಹಲ್ಲೆ ಅಪರೂಪ. ಹನೋಯಿ ಹಳೇಪೇಟೆಯಲ್ಲಿ ಕೇಳದೆಯೇ ನಿಮ್ಮ ಶೂಗೆ ಅಂಟು ಹಚ್ಚಲು ಬಗ್ಗುವ ಹುಡುಗರು, ಹಣ್ಣಿನ ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೋ ತೆಗೆಸಿ ದುಡ್ಡು ಕೇಳುವವರು. "ಬೇಡ" ಅಂದು ನಡೆಯುತ್ತಿರಿ. ಸೈಗಾನ್‌ನಲ್ಲಿ ಬೈಕಿನಲ್ಲಿ ಬಂದು ಫೋನ್ ಕಸಿಯುವುದೇ ದೊಡ್ಡ ಪೀಡೆ. ರಸ್ತೆ ಅಂಚಿನಲ್ಲಿ ನಿಂತು ಮ್ಯಾಪ್ ನೋಡಬೇಡಿ, ಅಂಗಡಿಯೊಳಗೆ ಎರಡು ಹೆಜ್ಜೆ ಹೋಗಿ ನೋಡಿ.

## ಸ್ವಲ್ಪ ದಿನ ಇದ್ದ ಮೇಲೆ

ಅಡ್ರೆಸ್ 45/12/3 ಅಂತಿದೆ. ಇದನ್ನ ಹುಡುಕೋದು ಹೇಗೆ?

ಮುಖ್ಯರಸ್ತೆಯ 45ನೇ ನಂಬರಿನ ಪಕ್ಕದ ಓಣಿಗೆ ಹೋಗಿ, ಅದರಲ್ಲಿ 12ರ ಹತ್ತಿರ ಕವಲೊಡೆಯುವ ಸಂದಿಗೆ ತಿರುಗಿ, ಅಲ್ಲಿ 3ನೇ ಮನೆ. ಸೈಗಾನ್‌ನಲ್ಲಿ ಓಣಿಗೆ "ಹೆಮ್" ಅನ್ನುತ್ತಾರೆ. ಇದು ಅರ್ಥವಾದ ದಿನದಿಂದ ಊರು ಸಲೀಸು. ಇನ್ನೊಂದು ತೊಡಕು: 2025ರ ಜುಲೈ 1ರಿಂದ 63 ಪ್ರಾಂತ್ಯಗಳನ್ನು 34ಕ್ಕೆ ಇಳಿಸಿ, ನಡುವಿನ ಜಿಲ್ಲೆಗಳ ಮಟ್ಟವನ್ನೇ ತೆಗೆದುಹಾಕಿದರು. ಕಾಗದದಲ್ಲಿ "ಡಿಸ್ಟ್ರಿಕ್ಟ್ 1" ಇಲ್ಲ, ಆದರೆ ಡ್ರೈವರಿನಿಂದ ಹಿಡಿದು ಹೋಟೆಲಿನವರವರೆಗೆ ಎಲ್ಲರ ಬಾಯಲ್ಲೂ ಅದೇ. ಹಳೇ ಹೊಸ ವಿಳಾಸ ಎರಡನ್ನೂ ಬರೆದಿಟ್ಟುಕೊಳ್ಳಿ.

ಭಾಷೆ ಕಲಿಯೋಕೆ ಆಗುತ್ತಾ? ಅಕ್ಷರ ಇಂಗ್ಲಿಷ್ ತರಾನೇ ಇದೆಯಲ್ಲ

ಅಕ್ಷರ ನೋಡಿ ಮೋಸಹೋಗಬೇಡಿ. ಉತ್ತರದ ಮಾತಿನಲ್ಲಿ ಆರು ಸ್ವರಭೇದಗಳಿವೆ, ರಾಗ ತಪ್ಪಿದರೆ ಅಂಗಡಿಯವರು ಪಿಳಿಪಿಳಿ ನೋಡುತ್ತಾರೆ. ನಮಗೆ ಒಂದು ಅನುಕೂಲ ಇದೆ. ವರ್ಣಮಾಲೆಯಲ್ಲಿ ಬರೀ ಬಾಯಿಪಾಠಕ್ಕೆ ಕಲಿತ ಙ ಇಲ್ಲಿ ದಿನಬಳಕೆಗೆ ಬರುತ್ತದೆ. ಈ ದೇಶದ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರ ಮನೆತನದ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ಮೇಲೆ ನಾನು ಸುಲಭಕ್ಕೆ "ನುಯೆನ್" ಅಂತ ಬರೆದದ್ದು ನಿಜಕ್ಕೂ "ಙುಯೆನ್". ಸಂಖ್ಯೆಗಳು, ನಮಸ್ಕಾರ, ಥ್ಯಾಂಕ್ಸ್, "ಎಷ್ಟು" ಇಷ್ಟನ್ನು ಮೊದಲ ತಿಂಗಳಲ್ಲಿ ಕಲಿಯಿರಿ.

ನಮ್ ದೇವಸ್ಥಾನ ಏನಾದ್ರೂ ಇದ್ಯಾ ಅಲ್ಲಿ?

ಸೈಗಾನ್‌ನಲ್ಲಿ ಬೆನ್ ಥಾನ್ ಮಾರುಕಟ್ಟೆ ಹತ್ತಿರವೇ, ಚುವೊಂಗ್ ದಿನ್ ಬೀದಿಯಲ್ಲಿ ಮಾರಿಯಮ್ಮನ ಗುಡಿ ಇದೆ. ತಮಿಳು ವ್ಯಾಪಾರಿಗಳು ಕಟ್ಟಿದ್ದು. ಈಗ ಅಲ್ಲಿ ಊದುಬತ್ತಿ ಹಿಡಿದು ಬರುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಗರ್ಭಗುಡಿಯ ಹಿಂದಿನ ಗೋಡೆಗೆ ಹಣೆ ಒತ್ತಿ ಪಿಸುಗುಟ್ಟಿ ಬೇಡಿಕೊಳ್ಳುತ್ತಾರೆ.

ಇನ್ನೂ ಹಳೆಯದು ನೋಡಬೇಕಾದರೆ ಹೊಯ್ ಆನ್‌ನಿಂದ ಮಿ ಸೊನ್‌ಗೆ ಹೋಗಿ. ಮಧ್ಯ ವಿಯೆಟ್ನಾಂ ಆಳಿದ ಚಂಪಾ ರಾಜರು 4ರಿಂದ 13ನೇ ಶತಮಾನದವರೆಗೆ ಕಟ್ಟುತ್ತಲೇ ಇದ್ದ ಇಟ್ಟಿಗೆಯ ಶಿವಾಲಯಗಳು, ಸಂಸ್ಕೃತ ಶಾಸನಗಳು. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ದೊಡ್ಡ ಗೋಪುರವೇ ಬಿತ್ತು; ಹುಲ್ಲು ಬೆಳೆದ ಗುಂಡಿಗಳು ಇನ್ನೂ ಇವೆ. 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಭಾರತದ ಪುರಾತತ್ವ ಇಲಾಖೆಯವರು ಇಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಬಿಸಿಲೇರುವ ಮುಂಚೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿಬಿಡಿ. ಚಂಪಾದ ವಂಶಸ್ಥರಾದ ಚಾಮ್ ಜನರಲ್ಲಿ ಹಿಂದೂ ಆಚರಣೆಯವರು ಇವತ್ತಿಗೂ ದಕ್ಷಿಣದ ಕರಾವಳಿಯಲ್ಲಿದ್ದಾರೆ. ನ್ಯಾ ಟ್ರಾಂಗ್‌ನ ಪೊ ನಗರ್ ಗುಡಿಯ ದೇವಿಯನ್ನಂತೂ ವಿಯೆಟ್ನಾಮಿನವರು ತಮ್ಮ ಅಮ್ಮನನ್ನಾಗಿಯೇ ಮಾಡಿಕೊಂಡಿದ್ದಾರೆ.

ಯುದ್ಧದ ಬಗ್ಗೆ ಕೇಳಬಹುದಾ?

ಕೇಳಬಹುದು, ಆದರೆ "ನಿಮ್ಮ ಮನೆಯವರು ಯಾವ ಕಡೆಯಿದ್ದರು" ಅಂತ ಮಾತ್ರ ಗುಂಪಿನಲ್ಲಿ ಕೇಳಬೇಡಿ. ಸೈಗಾನ್‌ನಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎದುರು ಬದುರು ನಿಂತದ್ದುಂಟು. ಉತ್ತರದ ಸೈನ್ಯ ಸೈಗಾನ್ ಹಿಡಿದ 1975ರ ಏಪ್ರಿಲ್ 30 ಒಬ್ಬರಿಗೆ ಗೆಲುವು, ಪಕ್ಕದ ಮನೆಯವರಿಗೆ ಎಲ್ಲ ಕಳೆದುಕೊಂಡ ದಿನ. ಈಗಿನ ಬಹುಪಾಲು ಜನ ಅದರ ನಂತರ ಹುಟ್ಟಿದವರು. ಅವರಿಗೆ ನಿಮ್ಮ ಸಂಬಳ, ನಿಮ್ಮ ಫೋನಿನ ಬೆಲೆ ಹೆಚ್ಚಿನ ಕುತೂಹಲ.

ಅವರ ಹೊಸ ವರ್ಷಕ್ಕೆ ಬಂದ್ರೆ ಚೆನ್ನಾಗಿರುತ್ತಾ?

ಯಾರಾದರೂ ಮನೆಗೆ ಕರೆದಿದ್ದರೆ ಬನ್ನಿ, ಇಲ್ಲದಿದ್ದರೆ ಬೇಡ. ಟೆಟ್ ಬರುವುದು ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ. ಅದರ ಹಿಂದಿನ ವಾರ ಬೀದಿಗಳಲ್ಲಿ ಪೀಚ್ ಹೂವಿನ ಕೊಂಬೆ, ಕಿತ್ತಳೆ ಗಿಡ ಕಟ್ಟಿಕೊಂಡು ಓಡುವ ಬೈಕುಗಳನ್ನು ನೋಡುವುದೇ ಹಬ್ಬ. ಹಬ್ಬದ ದಿನಗಳಲ್ಲಿ ಎಲ್ಲರೂ ಊರಿಗೆ ಹೋಗಿ, ಅಂಗಡಿ ಹೋಟೆಲು ಮುಚ್ಚಿ, ರೈಲು ಬಸ್ಸಿಗೆ ಟಿಕೆಟ್ ಸಿಗದೆ ಪ್ರವಾಸಿ ಪರದಾಡುತ್ತಾನೆ.

ಕೆಲಸಕ್ಕೆ ಬರ್ತಿದೀನಿ ಅಕ್ಕಾ. ಆಫೀಸಿನಲ್ಲಿ ಮೊದಲ ದಿನ ವಿಚಿತ್ರ ಅನ್ಸೋದು ಏನು?

ಮಧ್ಯಾಹ್ನ ಊಟ ಮುಗಿದ ಕೂಡಲೇ ದೀಪ ಆರಿಸಿ ಮಲಗುತ್ತಾರೆ. ಮೇಜಿನಡಿಯಿಂದ ಚಾಪೆ, ಮಡಚುವ ಮಂಚ, ದಿಂಬು, ಕಣ್ಣಿಗೆ ಪಟ್ಟಿ ಹೊರಬರುತ್ತವೆ. ಮ್ಯಾನೇಜರೂ ಮಲಗುತ್ತಾರೆ. ಬೆಳಗ್ಗೆ ಎಂಟಕ್ಕೆಲ್ಲ ಕೆಲಸ ಶುರುಮಾಡಿರುವವರು ಅವರು, ಸೋಮಾರಿಗಳು ಅಂದುಕೊಳ್ಳಬೇಡಿ. ಬೆಂಗಳೂರಿನಿಂದ ಹತ್ತೂವರೆಗೆ "ಒಂದು ಕ್ವಿಕ್ ಕಾಲ್" ಅಂತ ಕರೆ ಬರುತ್ತದಲ್ಲ, ಅದು ಇಲ್ಲಿ ಹನ್ನೆರಡು ಗಂಟೆ, ಊಟ ನಿದ್ದೆ ಎರಡಕ್ಕೂ ಕಲ್ಲು. ಬಂದ ಮೊದಲ ವಾರವೇ ಅಲ್ಲಿನ ಟೀಮಿಗೆ ಹೇಳಿ ಮೀಟಿಂಗ್‌ಗಳನ್ನು ಇಲ್ಲಿನ ಒಂದೂವರೆಯ ನಂತರಕ್ಕೆ ಹಾಕಿಸಿ. ವಾಟ್ಸಾಪ್ ಜೊತೆಗೆ ಜಾಲೊ ಆ್ಯಪ್ ಹಾಕಿಕೊಳ್ಳಿ, ಫ್ಯಾಕ್ಟರಿಯವರು ಉತ್ತರಿಸುವುದು ಅದರಲ್ಲೇ. ದಿಂಬು ಮಾತ್ರ ಊರಿಂದ ಹೊತ್ತು ತರಬೇಡಿ, ಇಲ್ಲಿ ಆಫೀಸ್ ದಿಂಬು ಅಂತಲೇ ಚಿಕ್ಕದು ಸಿಗುತ್ತದೆ.